ಅಂದುಂಞಿಯವರ ಎಂಟು ಸೆಕೆಂಡು

ಸೀತಾಂಗೋಳಿ ಪೇಟೆಯಿಂದ ಕೈಗಾರಿಕಾ ಎಸ್ಟೇಟಿನ ಕಡೆಗೆ ತಿರುಗುವಲ್ಲಿ, ಟಯರ್ ಅಂಗಡಿಯ ಪಕ್ಕದ ಕೋಣೆಯಲ್ಲಿ, ಅಬ್ದುಲ್ ಲತೀಫರು ಮೂವತ್ತೊಂದು ವರ್ಷಗಳಿಂದ ರೇಡಿಯೋ, ಟಿ.ವಿ., ಮಿಕ್ಸಿ ರಿಪೇರಿ ಮಾಡುತ್ತಾರೆ. ಅವರ ಮಗಳು ಫಾಯಿಝಾ ಅದೇ ಕೋಣೆಯ ಹಿಂದಿನ ಅರ್ಧದಲ್ಲಿ ಎರಡು ವರ್ಷ ಸತ್ತವರ ಮಾತು ಕೇಳುವ ಕೆಲಸ ಮಾಡಿದಳು. ಹಾಗೆ ಹೇಳಿದರೆ ಅವಳಿಗೆ ಹಿಡಿಸುವುದಿಲ್ಲ. ಹಳೆಯ ಕ್ಯಾಸೆಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ಎನ್ನುತ್ತಾಳೆ. ಒಂದಕ್ಕೆ ಏಳುನೂರು ರೂಪಾಯಿ, ಬೂಷ್ಟು ಹಿಡಿದಿದ್ದರೆ ಎಂಟುನೂರೈವತ್ತು.

ಕುಂಬಳೆ, ಮೊಗ್ರಾಲ್, ಶಿರಿಯ, ಉಪ್ಪಳದ ಮನೆಗಳ ಕಪಾಟುಗಳಲ್ಲಿ ಇಂಥ ಕ್ಯಾಸೆಟುಗಳು ಈಗಲೂ ಇವೆ. ಎಂಬತ್ತರ ದಶಕದಲ್ಲಿ ಗಲ್ಫಿಗೆ ಹೋದ ಗಂಡಸರು ಪತ್ರ ಬರೆಯುವ ಬದಲು ಮಾತಾಡಿ ಕಳಿಸುತ್ತಿದ್ದರು. ರಜೆಯಲ್ಲಿ ಊರಿಗೆ ಬರುವವರು ಯಾರಾದರೂ ಅದನ್ನು ಮನೆಗೆ ಮುಟ್ಟಿಸುತ್ತಿದ್ದರು. ಹೆಂಡತಿ ಕೋಣೆಯ ಬಾಗಿಲು ಹಾಕಿಕೊಂಡು ಕೇಳುತ್ತಿದ್ದಳು. ಆಮೇಲೆ ಅದೇ ಕ್ಯಾಸೆಟಿನ ಮೇಲೆ ತನ್ನ ಉತ್ತರ ತುಂಬಿಸಿ, ರಜೆ ಮುಗಿಸಿ ಹೊರಟವರ ಕೈಯಲ್ಲಿ ಕೊಡುತ್ತಿದ್ದಳು. ಒಂದೇ ಕ್ಯಾಸೆಟ್ ನಾಲ್ಕಾರು ಸಲ ಸಮುದ್ರ ದಾಟುತ್ತಿತ್ತು, ಪ್ರತಿ ಸಲವೂ ಹಿಂದಿನ ಮಾತು ಅಳಿದು ಹೊಸತು ಕೂರುತ್ತಿತ್ತು. ಹಾಗಾಗಿ ಈಗ ಉಳಿದಿರುವುದೆಲ್ಲ ಯಾರೋ ಒಬ್ಬರ ಕೊನೆಯ ಮಾತು ಮಾತ್ರ. ಇನ್ನೊಂದು ರೂಢಿಯನ್ನು ಫಾಯಿಝಾ ಬಹಳ ಬೇಗ ಗುರುತಿಸಿದ್ದಳು. ಗಂಡಸರು ಏನಾದರೂ ಕೇಳಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಅಲ್ಲಿ, ಸಾವಿರಾರು ಮೈಲಿ ಈಚೆ, ಮುಂದೆಂದೋ ಒಂದು ದಿನ, ಹೆಂಡತಿ ಉತ್ತರ ಕೊಡಲಿ ಎಂದು. ಅವಳು ಅಳೆದ ಪ್ರಕಾರ ಈ ಬಿಡುವುಗಳು ಐದರಿಂದ ಹದಿನೈದು ಸೆಕೆಂಡು.

ಅವಳು ದುಡಿಯುತ್ತಿದ್ದುದು ಫಿಲ್ಮ್ ಸ್ಕೂಲಿಗಾಗಿ. ಕಾಸರಗೋಡಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಪದವಿ ಮುಗಿಸಿ, ಪೋಲಂಡಿನ ಒಂದು ಫಿಲ್ಮ್ ಸ್ಕೂಲಿನಲ್ಲಿ ಸಿನಿಮಾದ ಧ್ವನಿಯನ್ನೇ ಕಲಿಸುವ ಎರಡು ವರ್ಷದ ಕೋರ್ಸಿಗೆ ಅರ್ಜಿ ಹಾಕಿದ್ದಳು. ಶಿರಿಯದ ಅಳಿವೆಯಲ್ಲಿ ದೋಣಿ ಎಳೆಯುವಾಗ ಕೆಳಗಿನ ಮರಳು ಮಾಡುವ ಶಬ್ದವನ್ನು ಒಂಬತ್ತು ನಿಮಿಷ ರೆಕಾರ್ಡ್ ಮಾಡಿ ಕಳಿಸಿದ್ದಳು. ಮಾರ್ಚಿನಲ್ಲಿ ಸೀಟು ಸಿಕ್ಕಿದ ಪತ್ರ ಬಂತು. ಜೊತೆಗೆ ಫೀಸಿನ ಪಟ್ಟಿಯೂ ಬಂತು. ಅದೇ ತರಗತಿಯಲ್ಲಿ ಆ ದೇಶದ ಮಕ್ಕಳು ಹೆಚ್ಚೇನೂ ಕೊಡದೆ ಕಲಿಯುತ್ತಾರೆ; ಹೊರದೇಶದವರಿಗೆ ವರ್ಷಕ್ಕೆ ಹತ್ತು ಸಾವಿರ ಯೂರೋ. ಅರ್ಧ ಮೇ ಮೂವತ್ತೊಂದರ ಒಳಗೆ, ಉಳಿದರ್ಧ ಜನವರಿ ಹದಿನೈದಕ್ಕೆ. ಮೊದಲ ಅರ್ಧ ತಪ್ಪಿದರೆ ಸೀಟು ಸಾಲಿನಲ್ಲಿ ಮುಂದಿರುವವರಿಗೆ ಹೋಗುತ್ತದೆ.

ಬ್ಯಾಂಕಿನವರು ತಮ್ಮ ಪಟ್ಟಿಯಲ್ಲಿ ಈ ಸ್ಕೂಲು ಇಲ್ಲ ಎಂದರು. ಜಾಗ ಅಡವಿಡುವುದಾದರೆ ನೋಡೋಣ, ಅದು ನಿಮ್ಮ ಸ್ವಾಧೀನದಲ್ಲಿದೆ ಎಂದು ವಿಲ್ಲೇಜ್ ಆಫೀಸಿನಿಂದ ಕೈವಶ ಸರ್ಟಿಫಿಕೇಟ್ ತನ್ನಿ ಎಂದರು. ಜಾಗ ಇನ್ನೂ ಅಜ್ಜನ ಹೆಸರಿನಲ್ಲಿತ್ತು, ಪಾಲಾಗಿರಲಿಲ್ಲ. ಅಲ್ಲದೆ ಲತೀಫರು ಬಡ್ಡಿಯ ಹಣ ಮುಟ್ಟುವವರಲ್ಲ; ಮಗಳಿಗೆ ಬೇಡವೆನ್ನಲಾರದೆ, ಬೇಕೆನ್ನಲಾರದೆ ಆ ಒಂದು ವಾರ ಸೋಲ್ಡರಿಂಗ್ ಮಾಡುತ್ತಲೇ ಕಳೆದರು. ಕ್ಯಾಸೆಟಿನ ಸಂಪಾದನೆಗೆ ಅವರ ಉಳಿತಾಯ ಸೇರಿಸಿದ ಮೇಲೂ ಮೊದಲ ಕಂತಿಗೆ ಒಂದು ಲಕ್ಷದ ಅರವತ್ತಮೂರು ಸಾವಿರ ಕಡಿಮೆ ಬೀಳುತ್ತಿತ್ತು.

ಏಪ್ರಿಲಿನ ಕೊನೆಯ ವಾರ ಶಿಹಾಬ್ ಬಂದದ್ದು ಇಂಥ ಸಮಯದಲ್ಲಿ. ಶಿರಿಯದವನು, ನಲವತ್ತು ವರ್ಷ, ದುಬೈಯಲ್ಲಿ ಪಾತ್ರೆ ವ್ಯಾಪಾರ. ಕರವಸ್ತ್ರದಲ್ಲಿ ಸುತ್ತಿದ ಒಂದು ಕ್ಯಾಸೆಟನ್ನು ಮೇಜಿನ ಮೇಲಿಟ್ಟು, ಇದನ್ನು ಮೂವತ್ತಾರು ವರ್ಷ ಯಾರೂ ಹಾಕಿಲ್ಲ ಎಂದ.

ಅವನ ತಾಯಿ ಉಮ್ಮಾಲಿಮ್ಮನಿಗೆ ಆ ವರ್ಷ ಹಜ್ಜಿಗೆ ಹೋಗಲು ಹೆಸರು ಬಂದಿತ್ತು. ಜೂನ್ ನಾಲ್ಕಕ್ಕೆ ಕಣ್ಣೂರಿನಿಂದ ವಿಮಾನ. ಹೊರಡುವ ಮೊದಲು ತನ್ನಿಂದ ನೊಂದಿರಬಹುದಾದ ಪ್ರತಿಯೊಬ್ಬರಲ್ಲೂ ಪೊರುತ್ತ ಕೇಳಬೇಕು, ಅಂದರೆ ತಪ್ಪನ್ನು ಮನ್ನಿಸಿದೆ ಎಂದು ಅವರ ಬಾಯಿಂದ ಹೇಳಿಸಿಕೊಳ್ಳಬೇಕು. ಉಮ್ಮಾಲಿಮ್ಮ ಪಟ್ಟಿ ಮಾಡಿಕೊಂಡು ಮನೆಮನೆಗೆ ಹೋಗಿದ್ದರು. ಎಂದೋ ತೆಂಗಿನಕಾಯಿಯ ವಿಷಯಕ್ಕೆ ಜಗಳವಾಡಿದ್ದ ನೆರೆಯವಳ ಹತ್ತಿರವೂ ಹೋಗಿ ಬಂದರು. ಪಟ್ಟಿಯಲ್ಲಿ ಒಂದು ಹೆಸರು ಉಳಿಯಿತು: ಗಂಡ ಅಂದುಂಞಿಯದು. ಅವರ ಪೊರುತ್ತ ಸಿಗದೆ ತಾನು ಹೊರಡುವುದಿಲ್ಲ ಎಂದು ಕೂತಿದ್ದರು.

ನಡೆದದ್ದನ್ನು ಶಿಹಾಬ್ ತಾನು ಕೇಳಿ ತಿಳಿದಷ್ಟು ಹೇಳಿದ. ಅವನಿಗೆ ನಾಲ್ಕು ವರ್ಷವಾಗಿದ್ದಾಗ ತಂಗಿಯೊಬ್ಬಳು ಹುಟ್ಟಿ ನಲವತ್ತನೆಯ ದಿನ ಜ್ವರದಲ್ಲಿ ತೀರಿಕೊಂಡಳು. ಅಬುಧಾಬಿಯಲ್ಲಿ ಕಟ್ಟಡದ ಕೆಲಸದಲ್ಲಿದ್ದ ಅಂದುಂಞಿ ಬರಲಿಲ್ಲ. ಒಂದು ತಿಂಗಳಾದ ಮೇಲೆ ಅವರ ಕ್ಯಾಸೆಟ್ ಬಂತು. ಉಮ್ಮಾಲಿಮ್ಮ ಅದನ್ನು ಕೇಳಲಿಲ್ಲ. ಯಂತ್ರಕ್ಕೆ ಹಾಕಿ ನೇರ ರೆಕಾರ್ಡಿನ ಕೆಂಪು ಗುಂಡಿ ಒತ್ತಿ, ತನಗೆ ಹೇಳಲಿದ್ದುದನ್ನೆಲ್ಲ ಅದರ ಮೇಲೆ ಹೇಳಿದರು. ಕೊಂಡುಹೋಗುವವರು ಸಿಗುವ ಮೊದಲೇ, ಮೂರು ವಾರದೊಳಗೆ, ಕಟ್ಟಡದಿಂದ ಬಿದ್ದು ಅಂದುಂಞಿ ತೀರಿಹೋದ ಸುದ್ದಿ ಬಂತು. ಅವರ ಮಾತನ್ನು ಇವರು ಕೇಳಲಿಲ್ಲ, ಇವರ ಮಾತನ್ನು ಅವರು ಕೇಳಲಿಲ್ಲ. ಎರಡೂ ಒಂದೇ ಟೇಪಿನ ಮೇಲೆ ಇದ್ದವು.

ಕ್ಯಾಸೆಟ್ ನೋಡಿದ ಫಾಯಿಝಾ ಮೊದಲು ಶಿರಿಯಕ್ಕೆ ಹೋದದ್ದು ಆ ಮನೆಯ ಹಳೆಯ ಟೇಪ್‌ರೆಕಾರ್ಡರನ್ನು ಪರೀಕ್ಷಿಸಲು. ಅಗ್ಗದ ಯಂತ್ರಗಳಲ್ಲಿ ಅಳಿಸುವ ಹೆಡ್ ಎಂದರೆ ಒಂದು ಸಣ್ಣ ಕಾಯಂ ಅಯಸ್ಕಾಂತ. ಅದು ಕೂದಲೆಳೆಯಷ್ಟು ಕೆಳಗೆ ಕೂತಿದ್ದರೂ ಟೇಪಿನ ಮೇಲಂಚಿನಲ್ಲಿ ಹಳೆಯ ಧ್ವನಿ ಅಳಿಯದೆ ಉಳಿಯುತ್ತದೆ. ಈ ಯಂತ್ರದಲ್ಲಿ ಅದು ಕೆಳಗೇ ಕೂತಿತ್ತು. ಹಾಗಾದರೆ ಏನಾದರೂ ಸಿಕ್ಕೀತು ಎಂದು ಅವಳು ಹೇಳಿದಳು. ಉಮ್ಮಾಲಿಮ್ಮನಿಗೆ ಸಮಾಧಾನವಾಗಲೆಂದು ಇನ್ನೊಂದು ಮಾತನ್ನೂ ಸೇರಿಸಿದಳು: ನೀವು ಬೈದದ್ದು ಅವರಿಗೆ ಮುಟ್ಟಲೇ ಇಲ್ಲವಲ್ಲ, ಮತ್ತೆ ಪೊರುತ್ತ ಯಾಕೆ?

ಉಮ್ಮಾಲಿಮ್ಮ ಎಡಗಿವಿ ಮಂದವಾದ ಹೆಂಗಸು. ಬಲಗಿವಿಯನ್ನು ಅವಳ ಕಡೆಗೆ ತಿರುಗಿಸಿ ಇನ್ನೊಮ್ಮೆ ಹೇಳಿಸಿಕೊಂಡರು.

"ಮುಟ್ಟದೆ ಇರ್ಲಿಕ್ಕೆ ಅವರು ಎಲ್ಲಿಗೆ ಹೋಗಿದ್ರು ಮೋಳೇ?" ಎಂದರು. "ಅದರ ಒಳಗೇ ಇದ್ರಲ್ಲ. ನಾನು ಮೇಲೆ ಕೂತು ಬೈದದ್ದು, ಅವರು ಕೆಳಗೆ ಇದ್ದದ್ದು. ಮೂವತ್ತಾರು ವರ್ಷ ಅದನ್ನೇ ಕೇಳ್ತಾ ಇದ್ದಾರೆ."

ಫಾಯಿಝಾ ಕ್ಯಾಸೆಟನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿಕೊಂಡಳು. ಬಸ್ಸಿನಲ್ಲಿ ಬರುವಾಗ ಕ್ಯಾಸೆಟನ್ನು ಚೀಲದಲ್ಲಿ ಇಡದೆ ಕೈಯಲ್ಲೇ ಹಿಡಿದುಕೊಂಡಿದ್ದಳು.

ಕೆಲಸಕ್ಕೆ ಅವಳು ಆರಿಸಿಕೊಂಡದ್ದು ಮಧ್ಯಾಹ್ನ ಒಂದೂವರೆಯಿಂದ ಎರಡೂವರೆ. ಆಗ ಎಸ್ಟೇಟಿನ ಯಂತ್ರಗಳು ಊಟಕ್ಕೆ ನಿಲ್ಲುತ್ತವೆ, ನೆಲದ ಅದುರು ನಿಲ್ಲುತ್ತದೆ. ಮೇ ತಿಂಗಳ ಆ ಬಿಸಿಲಿನಲ್ಲಿ ರಸ್ತೆಯಲ್ಲಿ ನಾಯಿಯೂ ಇರುವುದಿಲ್ಲ. ಫ್ಯಾನ್ ನಿಲ್ಲಿಸಿ ಅವಳು ಟೇಪ್ ಓಡಿಸಿದಳು. ಇಪ್ಪತ್ತಾರು ನಿಮಿಷ ಹತ್ತು ಸೆಕೆಂಡು ಇಪ್ಪತ್ತೊಂಬತ್ತು ವರ್ಷದ ಉಮ್ಮಾಲಿಮ್ಮನ ಧ್ವನಿ. ಅಳು ಇಲ್ಲ, ಕೂಗಾಟ ಇಲ್ಲ. ತಣ್ಣಗೆ, ಒಂದೊಂದಾಗಿ, ಮಗುವಿಗೆ ಜ್ವರ ಬಂದ ದಿನದಿಂದ ಹೇಳುತ್ತಾ ಬಂದು, ಕೊನೆಗೆ "ನೀವು ಇನ್ನು ಬರಲೇ ಬೇಡಿ" ಎಂದು ಮುಗಿಸಿದ್ದರು. ಗುಂಡಿ ಬಿಟ್ಟ ಟಕ್ ಎಂಬ ಶಬ್ದ. ಅದರ ಮರುಕ್ಷಣವೇ ಗಂಡಸೊಬ್ಬನ ಧ್ವನಿ, ಕಿವಿಯ ಪಕ್ಕದಲ್ಲೇ ಕೂತವನ ಹಾಗೆ: "...ಅಷ್ಟೇ ಅಲ್ಲ, ಇನ್ನೂ ಉಂಟು."

ಹೆಂಡತಿ ಮಾತು ನಿಲ್ಲಿಸಿದಲ್ಲಿಂದ ಮುಂದೆ ಅವರ ಹಳೆಯ ಮಾತು ಅಳಿಯದೆ ಉಳಿದಿತ್ತು. ವಿವರಣೆ ಅಷ್ಟು ಸರಳ. ಆದರೂ ಫಾಯಿಝಾ ಎದ್ದು ಹೋಗಿ ಫ್ಯಾನ್ ಹಾಕಿ ಬಂದಳು.

ಈ ಕೊನೆಯ ತುಂಡು ಮೂರು ನಿಮಿಷ ನಲವತ್ತು ಸೆಕೆಂಡು. ಹಾಜಿಯವರ ಕೈಯಲ್ಲಿ ಎರಡು ಡಬ್ಬ ಹಾಲಿನ ಪುಡಿ, ಒಂದು ಟಾರ್ಚು ಕಳಿಸಿದ್ದೇನೆ. ಮೋನುವಿನ ಅಂಗಿಗೆ ನಾಲ್ಕು ವರ್ಷದ ಅಳತೆ ಹೇಳಿ ತೆಗೆದದ್ದು, ದೊಡ್ಡದಾದರೆ ಇಟ್ಟುಕೋ. ಶಿರಿಯದಲ್ಲಿ ಎಲ್ಲರಿಗೂ ಸಲಾಂ. ನಾನು ಬರಲಿಲ್ಲವೆಂದು ನನ್ನ ಉಮ್ಮಾಗೆ ಬೇಜಾರಿರಬಹುದು, ನನಗೆ ಪೊರುತ್ತ ಕೊಡಲು ಹೇಳು. ಬೇರೆ ಎಂತ ಬೇಕು? ಇಷ್ಟೇ ಇದ್ದದ್ದು.

ಇದನ್ನು ಶಿಹಾಬ್ ಎರಡು ಸಲ ಹಾಕಿಸಿಕೊಂಡು ಕೇಳಿದ. ಆಮೇಲೆ, ಫೀಸಿಗೆ ಎಷ್ಟು ಕಡಿಮೆ ಬಿದ್ದಿದೆ ಎಂದು ವಿಚಾರಿಸಿದ. ಊರಿನಲ್ಲಿ ಇಂಥ ಸುದ್ದಿ ಗುಟ್ಟಾಗಿ ಉಳಿಯುವುದಿಲ್ಲ. ಅವಳು ಲೆಕ್ಕ ಹೇಳಿದಳು.

"ಪೊರುತ್ತ ಎಂಬ ಮಾತು ಅದರಲ್ಲಿ ಉಂಟಲ್ಲ. ತುಂಡು ಮಾಡಿ ಬೇರೆ ರೀತಿ ಜೋಡಿಸ್ಲಿಕ್ಕೆ ಆಗ್ತದಲ್ಲ?"

"ಆಗ್ತದೆ."

"ಮತ್ತೆಂತ? ಕೊಟ್ಟಿದ್ದೇನೆ ಎಂದು ಒಂದು ಮಾತು. ಉಮ್ಮ ಸಮಾಧಾನದಲ್ಲಿ ವಿಮಾನ ಹತ್ಲಿ. ನಿನ್ನ ಆ ಹಣ ನಾನು ಕೊಡ್ತೇನೆ."

ಅವಳು ಒಪ್ಪಲಿಲ್ಲ, ನಿರಾಕರಿಸಲೂ ಇಲ್ಲ. ಅಡಿಯಲ್ಲಿ ಅಳಿದುಹೋದ ಮಾತನ್ನು ಮೊದಲು ಹುಡುಕುತ್ತೇನೆ, ಅಲ್ಲೇ ಸಿಕ್ಕಿದರೂ ಸಿಕ್ಕೀತು ಎಂದಳು.

ಓದುವ ಹೆಡ್ಡಿನ ಸ್ಕ್ರೂವನ್ನು ಒಂದೊಂದು ಕಾಲು ಸುತ್ತು ತಿರುಗಿಸಿ ಟೇಪಿನ ಮೇಲಂಚಿಗೆ ತಂದಳು. ಉಮ್ಮಾಲಿಮ್ಮನ ಧ್ವನಿ ದೂರ ಹೋಯಿತು. ಸುಯ್ಯೆನ್ನುವ ಶಬ್ದ ಮಾತ್ರ ಉಳಿಯಿತು. ಮೂರನೆಯ ದಿನ ಆ ಸುಯ್ಯಿನ ಒಳಗೆ ಒಂದು ಏರಿಳಿತವಿದೆ ಎನಿಸಿತು. ಐದನೆಯ ದಿನ ಎರಡು ಶಬ್ದ ಖಚಿತವೆನ್ನುವಷ್ಟು ಕೇಳಿದವು. "ಕೇಳ್ತಾ ಇದ್ದೀಯಾ?" ಮತ್ತೆ ಒಂದು ಬಿಡುವು. ಮತ್ತೆ ಅದೇ. ಅವಳು ಉಸಿರು ಹಿಡಿದು ಕಾಗದದಲ್ಲಿ ಸಮಯ ಬರೆಯುತ್ತಾ ಹೋದಳು. ಇಪ್ಪತ್ತಾರು ನಿಮಿಷದಲ್ಲಿ ಇಪ್ಪತ್ತೇಳು ಬಿಡುವುಗಳು. ಒಂಬತ್ತನೆಯ ಬಿಡುವಿನ ಮೇಲೆ, ಅಂದಿನ ಉಮ್ಮಾಲಿಮ್ಮ ಮಗುವಿನ ಮೈ ತೊಳೆಸಿದ ನೀರಿನ ವಿಷಯ ಹೇಳುತ್ತಿದ್ದರು. ಕೆಳಗೆ ಅಂದುಂಞಿ ಉತ್ತರಕ್ಕಾಗಿ ಕಾಯುತ್ತಿದ್ದರು.

ತಾನು ಕೇಳಿದ್ದು ನಿಜವೋ ಭ್ರಮೆಯೋ ತಿಳಿಯಲು ಇನ್ನೊಬ್ಬರ ಕಿವಿ ಬೇಕು, ಆ ಕಿವಿಗೆ ಏನನ್ನೂ ಮೊದಲೇ ಹೇಳಿರಬಾರದು. ಅವಳು ಕರೆದದ್ದು ಕಾಲೇಜಿನ ಸಹಪಾಠಿ ಪ್ರವೀತನನ್ನು. ಅವನು ಕುಂಬಳೆಯ ಒಂದು ಲ್ಯಾಬಿನಲ್ಲಿ ಟೆಕ್ನೀಶಿಯನ್. ಎಲ್ಲಿ ಮಾತು ನಿಂತಂತೆ ಅನಿಸುತ್ತದೋ ಅಲ್ಲಿ ಗುರುತು ಹಾಕು ಎಂದಷ್ಟೇ ಹೇಳಿದಳು. ಅವಳ ಇಪ್ಪತ್ತೇಳರಲ್ಲಿ ಅವನಿಗೆ ಹೊಂದಿದ್ದು ನಾಲ್ಕು. ಕಣ್ಣು ಮುಚ್ಚಿ ಗುರುತು ಹಾಕಿದರೂ ಅಷ್ಟು ಹೊಂದುತ್ತದೆ.

"ಪಕ್ಕದ ಮನೆಯಲ್ಲಿ ಯಾರೋ ಮಂಚ ಎಳೆದ ಹಾಗೆ ಉಂಟು, ಅಷ್ಟೆ," ಎಂದ. "ಕೇಳ್ಲೇಬೇಕು ಅಂತ ಕೂತ್ರೆ ಫ್ಯಾನಿನಲ್ಲೂ ನಮ್ಮ ಅಜ್ಜಿ ಮಾತಾಡ್ತಾರೆ ಮಾರಾಯ್ತಿ. ನೀನು ಎರಡು ದಿನ ರಜೆ ಮಾಡು."

ಪುರಾವೆ ಇಲ್ಲ ಎಂದಾಯಿತು. ಮೇ ಹದಿನೇಳು ಕಳೆದಿತ್ತು. ಹದಿನೆಂಟರ ಮಧ್ಯಾಹ್ನ ಅವಳು ಶಿಹಾಬ್ ಹೇಳಿದ್ದನ್ನು ಮಾಡಿ ನೋಡಿದಳು. ಆಗುತ್ತದೋ ಎಂದು ನೋಡಲು ಎಂದುಕೊಂಡಳು. ಇಪ್ಪತ್ತು ನಿಮಿಷ ಸಾಕಾಯಿತು. "ನಾನು ಪೊರುತ್ತ ಕೊಟ್ಟಿದ್ದೇನೆ." ಕೊನೆಯಲ್ಲಿ ತುಸು ಮೌನ. ಎಲ್ಲ ಸೇರಿ ಎಂಟು ಸೆಕೆಂಡು. ಹೆಡ್‌ಫೋನಿನ ವಯರ್ ತೆಗೆದು ಸ್ಪೀಕರಿನಲ್ಲಿ ಹಾಕಿದಳು.

ಮುಂದಿನ ಅರ್ಧದಲ್ಲಿ ಬುತ್ತಿ ಬಿಚ್ಚುತ್ತಿದ್ದ ಲತೀಫರು ತಲೆ ಎತ್ತಿದರು.

"ಯಾರು ಬಂದದ್ದು?"

ಯಾರೂ ಇಲ್ಲ ಉಪ್ಪ ಎಂದಳು. ಅವರು ಎದ್ದು ಬಾಗಿಲವರೆಗೆ ಹೋಗಿ ಖಾಲಿ ರಸ್ತೆಯನ್ನು ಎರಡೂ ಕಡೆ ನೋಡಿ ಬಂದರು. ಹೇಳಿದ ಮಾತು ಯಾರಿಗೂ ಕೇಳುವುದಿಲ್ಲ, ಹೇಳದ ಮಾತು ಅಂಗಡಿಯ ತುಂಬ ಕೇಳುತ್ತದೆ. ಅವಳು ಆ ಸುಯ್ಯನ್ನೂ ಈ ಎಂಟು ಸೆಕೆಂಡನ್ನೂ ಲ್ಯಾಪ್‌ಟಾಪಿನಲ್ಲಿ ಬೇರೆ ಬೇರೆ ಹೆಸರಿನಲ್ಲಿ ಉಳಿಸಿದಳು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಶಿರಿಯದ ಮನೆಯ ಎದುರುಕೋಣೆ. ಹೊರಗೆ ಬಲೆ ಒಣಗಲು ಹಾಕಿದ್ದರು. ಜೋಡಿಸಿದ್ದನ್ನು ಹಾಕಿದರೆ ಸಾಕು ಎಂದು ಶಿಹಾಬ್ ಕಣ್ಣಿನಲ್ಲೇ ಸೂಚಿಸಿದ. ಆದರೆ ಉಮ್ಮಾಲಿಮ್ಮ ತಾನು ಮೇಲೆ ಮಾತಾಡಿದಲ್ಲಿ ಕೆಳಗೆ ಇರುವುದನ್ನೇ ಮೊದಲು ಹಾಕು ಎಂದರು. ಅದು ಇಪ್ಪತ್ತಾರು ನಿಮಿಷದ ಸುಯ್ಯಿ. ಶಿಹಾಬನಿಗೆ ಅಷ್ಟರಲ್ಲಿ ದುಬೈಯಿಂದ ಕರೆ ಬಂದು ಅವನು ಅಂಗಳಕ್ಕೆ ಇಳಿದ. ಫಾಯಿಝಾ ಹೆಡ್‌ಫೋನನ್ನು ಮುದುಕಿಯ ತಲೆವಸ್ತ್ರದ ಮೇಲೆ ಸರಿಯಾಗಿ ಕೂರಿಸಿ, ಎಂದಿನ ಅಭ್ಯಾಸದಂತೆ ಸಮಯದ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಇದ್ದದ್ದು ಒಂದೇ ಹೆಡ್‌ಫೋನ್. ಅವಳಿಗೆ ಕೇಳುತ್ತಿದ್ದುದು ಸಮುದ್ರ ಮಾತ್ರ. ಪರದೆ ಮೇಲಿನ ಸೆಕೆಂಡುಗಳು ಕಾಣುತ್ತಿದ್ದವು.

ಒಂದು ನಿಮಿಷ ನಾಲ್ಕು ಸೆಕೆಂಡಿಗೆ ಉಮ್ಮಾಲಿಮ್ಮ ಮಾತಾಡಿದರು.

"ಹೂಂ. ಕೇಳ್ತಾ ಇದ್ದೇನೆ."

ಹಾಳೆಯಲ್ಲಿ ಮೊದಲ ಬಿಡುವು ಒಂದು ನಿಮಿಷ ಮೂರು ಸೆಕೆಂಡಿನಿಂದ ಹನ್ನೆರಡರವರೆಗೆ ಎಂದಿತ್ತು. ಮುದುಕಿ ಸುಮ್ಮನಾದರು. ಎರಡು ನಿಮಿಷ ಕಳೆಯುವ ಹೊತ್ತಿಗೆ ಮತ್ತೆ, "ಇಲ್ಲ, ಮೂರೇ ದಿನ ಜ್ವರ." ಅಲ್ಲಿಯೂ ಬಿಡುವು ಇತ್ತು. ಫಾಯಿಝಾ ಪೆನ್ಸಿಲ್ ತೆಗೆದು ಅವರು ತೊಡಗುವುದು, ನಿಲ್ಲಿಸುವುದು ಎರಡನ್ನೂ ಬರೆಯತೊಡಗಿದಳು. ಉಮ್ಮಾಲಿಮ್ಮ ಗೋಡೆ ನೋಡುತ್ತಾ, ಊಟಕ್ಕೆ ಕೂತವರ ಹತ್ತಿರ ಮಾತಾಡುವ ಹಾಗೆ, ಗಡಿಬಿಡಿ ಇಲ್ಲದೆ ಉತ್ತರ ಕೊಡುತ್ತಿದ್ದರು. ಹಣೆ ನಿಮ್ಮದೇ. ಇಲ್ಲ, ಕೂದಲು ನನ್ನದು. ಹೆಸರು ಇಟ್ಟಿದ್ದೆವು. ಹೇಳಿ ಕಳಿಸ್ಲಿಕ್ಕೆ ಜನ ಸಿಗಲಿಲ್ಲ. ಕೊನೆಕೊನೆಗೆ ಉತ್ತರಗಳು ಚಿಕ್ಕದಾದವು. ಇಪ್ಪತ್ತೈದನೆಯ ನಿಮಿಷದಲ್ಲಿ ಬರೀ ತಲೆಯಾಡಿಸಿ, ಅದು ಅವರಿಗೆ ಕಾಣುವುದಿಲ್ಲ ಎಂದು ನೆನಪಾದವರ ಹಾಗೆ, "ಕೊಟ್ಟೆ" ಎಂದರು.

ಇಪ್ಪತ್ತೇಳು ಬಿಡುವುಗಳಲ್ಲಿ ಇಪ್ಪತ್ತಮೂರರಲ್ಲಿ ಅವರ ಮಾತು ಬಿಡುವಿನ ಒಳಗೇ ತೊಡಗಿ ಒಳಗೇ ಮುಗಿದಿತ್ತು. ಆ ಹಾಳೆಯನ್ನು ಅವರು ನೋಡಿರಲಿಲ್ಲ. ನೋಡಿದ್ದರೂ ಅದರಲ್ಲಿದ್ದದ್ದು ಇಂಗ್ಲಿಷ್ ಅಂಕಿಗಳು. ಗುರುತಿಲ್ಲದ ಎರಡು ಕಡೆಯೂ ಅವರು ಮಾತಾಡಿದ್ದರು. ಫಾಯಿಝಾ ಮರುದಿನ ಆ ಎರಡು ಜಾಗಗಳನ್ನು ಅಳೆದು ನೋಡಿದಳು. ಎರಡೂ ಕಡೆ ಸುಯ್ಯಿನ ಮಟ್ಟ ಒಂದಿಷ್ಟು ಇಳಿದಿತ್ತು, ಅವಳ ಕಿವಿಗೆ ತಪ್ಪಿದ್ದಷ್ಟು.

ಹೆಡ್‌ಫೋನ್ ತೆಗೆದು ಉಮ್ಮಾಲಿಮ್ಮ ಎರಡು ಬೆರಳಿನಿಂದ ಕಿವಿ ಒರೆಸಿಕೊಂಡರು.

"ಪೊರುತ್ತ ಕೊಟ್ರಾ ಉಮ್ಮಾಮ?" ಎಂದು ಫಾಯಿಝಾ ಕೇಳಿದಳು.

"ಅವರು ಕೊಡ್ಲಿಲ್ಲ. ಅವರು ಕೇಳಿದ್ದು, ಬರ್ಲಿಕ್ಕೆ ಆಗದ್ದಕ್ಕೆ. ಪಾಪ, ಇಷ್ಟು ವರ್ಷ ಕೇಳ್ತಾ ಕೂತದ್ದು. ನಾನು ಕೊಟ್ಟೆ." ಹೆಡ್‌ಫೋನನ್ನು ಅವಳ ಕೈಗೆ ಕೊಟ್ಟು, "ಮೇಲೆ ಕೂತವರು ಮೊದಲು ಇಳೀಬೇಕಲ್ಲ," ಎಂದು ಎದ್ದು, ಮಗನನ್ನು ಕರೆದು ತನ್ನ ಪೆಟ್ಟಿಗೆ ಕಟ್ಟಲು ಹಗ್ಗ ತರಲು ಹೇಳಿದರು.

ಶಿಹಾಬ್ ಗೇಟಿನವರೆಗೆ ಬಂದು ಲಕೋಟೆ ಕೊಟ್ಟ. ಅಂಗಳದಿಂದ ಅವನಿಗೆ ಕೇಳಿಸಿದ್ದು ತಾಯಿ ಹಗ್ಗ ಕೇಳಿದ ಮಾತು ಮಾತ್ರ. ಬಹಳ ಚೆನ್ನಾಗಿ ಜೋಡಿಸಿರಬೇಕು, ಉಮ್ಮ ಒಮ್ಮೆಯೂ ಸಂಶಯಪಡಲಿಲ್ಲ ಎಂದ. ಲಕೋಟೆ ಅವಳ ಕೈಯಲ್ಲಿತ್ತು. ಕಡೆಯ ದಿನಕ್ಕೆ ಇನ್ನು ಹನ್ನೆರಡು ದಿನ. ಸುಮ್ಮನಿದ್ದರೆ ಮುಗಿಯುತ್ತಿತ್ತು.

"ಶಿಹಾಬಿಚ್ಚ, ಅದನ್ನು ನಾನು ಹಾಕಲೇ ಇಲ್ಲ," ಎಂದಳು.

ಅವನು ನಂಬಲಿಲ್ಲ. ಗೇಟಿನ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆಸಿ, ತಾಯಿ ಕೇಳಿದ್ದನ್ನೇ ಹಾಕಿಸಿಕೊಂಡ. ಐದು ನಿಮಿಷ ಕೇಳಿದ. ಬಿಸಿಲಿಗೆ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಹೆಡ್‌ಫೋನ್ ತೆಗೆದು, ಇದರಲ್ಲಿ ಗಾಳಿ ಬಿಟ್ಟರೆ ಎಂತದೂ ಇಲ್ಲವಲ್ಲ ಎಂದ. ಒಳಗೆ ತಾಯಿ ಹಗ್ಗ ಬಿಗಿಯುವ ಶಬ್ದ ಬರುತ್ತಿತ್ತು. ಅವನು ಆ ಕಡೆ ತಿರುಗಿ ನೋಡಲಿಲ್ಲ. ಫಾಯಿಝಾ ಲಕೋಟೆಯನ್ನು ಕಟ್ಟೆಯ ಮೇಲಿಟ್ಟಳು.

ಆಗ ಅವನು ಇನ್ನೊಂದನ್ನು ಹಾಕಲು ಹೇಳಿದ. ಎಂಟು ಸೆಕೆಂಡು. ಮೂರು ಸಲ ಕೇಳಿದ.

"ಮಾತು ಮುಗಿದ ಮೇಲೆ ಉಸಿರು ಎಳ್ಕೊಂಡು ನಿಂತದ್ದು ಯಾರು?"

ಅವಳು ವಿವರಿಸಿದಳು. ಮೂರು ಸೆಕೆಂಡು ಮಾತು, ಐದು ಸೆಕೆಂಡು ಬಿಡುವು. ಮಾತನ್ನು ಅಲ್ಲಲ್ಲಿಂದ ಕತ್ತರಿಸಿ ಜೋಡಿಸಿದ್ದರಿಂದ ಅದು ಕಡಿದ ಹಾಗೆ ನಿಲ್ಲುತ್ತಿತ್ತು. ಅದಕ್ಕೆ, ಬೇರೆ ಎಂತ ಬೇಕು ಎಂದು ಕೇಳಿ ಅವರು ಬಿಟ್ಟ ಬಿಡುವನ್ನು ತಂದು ಕೊನೆಗೆ ಸೇರಿಸಿದ್ದಳು. ಮಾತು ಅವರದ್ದಲ್ಲ. ಬಿಡುವು ಮಾತ್ರ ಅವರದ್ದೇ.

"ಇದು ನನಗೆ ಕೊಡು," ಎಂದ ಶಿಹಾಬ್.

"ಅವರು ಹೇಳದ ಮಾತು ಇದು."

"ಗೊತ್ತುಂಟು. ಉಮ್ಮನ ಹತ್ತಿರ ಅವರು ಅರ್ಧ ಗಂಟೆ ಮಾತಾಡಿದ್ರು. ನನಗೆ ಆ ಕ್ಯಾಸೆಟಿನಲ್ಲಿ ಒಂದು ಅಂಗಿಯ ಅಳತೆ ಉಂಟು, ಅಷ್ಟೆ."

ಅವಳು ಫೈಲಿನ ಹೆಸರನ್ನು 'ಜೋಡಿಸಿದ್ದು' ಎಂದು ಬದಲಿಸಿ, ದಿನಾಂಕ ಹಾಕಿ, ಅವನ ಫೋನಿಗೆ ಕಳಿಸಿದಳು. ಅವನು ಲಕೋಟೆಯನ್ನು ಮತ್ತೆ ಅವಳ ಕೈಗೆ ಕೊಟ್ಟ. ಈ ಸಲ ಅವಳು ಅದನ್ನು ಇಟ್ಟುಕೊಂಡಳು. ಮೋಸವಿಲ್ಲ, ಕೊಳ್ಳುವವನಿಗೆ ತಾನು ಏನು ಕೊಳ್ಳುತ್ತಿದ್ದೇನೆಂದು ಗೊತ್ತಿದೆ ಎಂದು ಬಸ್ಸಿನಲ್ಲಿ ಎರಡು ಮೂರು ಸಲ ತನಗೆ ತಾನೇ ಹೇಳಿಕೊಂಡಳು. ಮೇ ಇಪ್ಪತ್ತೊಂಬತ್ತರಂದು ಬ್ಯಾಂಕಿನಿಂದ ಐದು ಸಾವಿರ ಯೂರೋ ಹೋಯಿತು. ಹಣದ ಮೂಲ ಯಾವುದೆಂದು ಫಾರಂನಲ್ಲಿ ಕೇಳಿದಲ್ಲಿ 'ಸ್ವಂತ ದುಡಿಮೆ, ತಂದೆಯ ಉಳಿತಾಯ' ಎಂದು ಬರೆದಿದ್ದಳು. ಉಮ್ಮಾಲಿಮ್ಮ ಜೂನ್ ನಾಲ್ಕಕ್ಕೆ ವಿಮಾನ ಹತ್ತಿ, ಹಜ್ಜ್ ಮುಗಿಸಿ ಆರೋಗ್ಯದಲ್ಲಿ ಮರಳಿದರು. ಫಾಯಿಝಾ ಸೆಪ್ಟೆಂಬರಿನ ಕೊನೆಗೆ ಹೊರಟಳು.

ಸ್ಕೂಲು ಅವಳು ಎಣಿಸಿದ್ದಕ್ಕಿಂತ ಚೆನ್ನಾಗಿತ್ತು. ಫೀಸಿನ ಎರಡನೆಯ ಅರ್ಧ ಮಾತ್ರ ಹಾಗೆಯೇ ಮುಂದೆ ನಿಂತಿತ್ತು. ಸ್ಕೂಲಿನ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವ ಕೆಲಸ ಸಿಕ್ಕಿತು. ದಿನಕ್ಕೆ ನಾಲ್ಕು ಗಂಟೆಯ ಪಾಳಿ. ಡಿಸೆಂಬರಿನ ಲೆಕ್ಕದ ಪ್ರಕಾರ ಜನವರಿ ಹದಿನೈದಕ್ಕೆ ಅದು ಸಾಲುವುದಿಲ್ಲವಾಗಿತ್ತು. ಆ ವಾರವೇ ಶಿಹಾಬನಿಂದ ಫೋನಿಗೆ ಒಂದು ಧ್ವನಿ ಸಂದೇಶ ಬಂತು.

ಇನ್ನೊಂದು ಬೇಕಿತ್ತು ಎಂದ. ತನ್ನ ಹೆಸರು. ಅವರ ಬಾಯಲ್ಲಿ ಶಿಹಾಬ್ ಎಂದು ಒಂದೇ ಒಂದು ಸಲ. ಜನವರಿಯ ಫೀಸು ಪೂರ್ತಿ ತಾನು ನೋಡಿಕೊಳ್ಳುತ್ತೇನೆ ಎಂದ. ಸಂದೇಶದಲ್ಲಿ ಮಾತು ಕಡಿಮೆ ಇತ್ತು, ಪ್ರತಿ ವಾಕ್ಯದ ನಂತರ ಅವನು ಸುಮ್ಮನಿರುತ್ತಿದ್ದ. ಫಾಯಿಝಾ ಅದನ್ನು ಕಂಪ್ಯೂಟರಿಗೆ ಹಾಕಿ ಅಳೆದಳು. ಎಲ್ಲವೂ ಐದೈದು ಸೆಕೆಂಡು.

ಅಂದುಂಞಿ ಆ ಕ್ಯಾಸೆಟಿನಲ್ಲಿ ಮಗನನ್ನು ಮೋನು ಎಂದಷ್ಟೇ ಕರೆದಿದ್ದರು. ಅವಳು ಆ ಮೂರು ನಿಮಿಷ ನಲವತ್ತು ಸೆಕೆಂಡನ್ನು ತೆರೆದು ಹುಡುಕಿದಳು. ಶಿರಿಯದ ಶಿ ಇತ್ತು. ಹಾಜಿಯ ಹಾ ಇತ್ತು. ಡಬ್ಬದಲ್ಲಿ ಉಳಿದದ್ದೂ ಸಿಕ್ಕಿತು. ಎಲ್ಲ ಸ್ವಚ್ಛವಾಗಿದ್ದವು, ಹತ್ತು ನಿಮಿಷದ ಕೆಲಸ. ಒಂದು ಸಲ ಜೋಡಿಸಿಬಿಟ್ಟರೆ ಆ ಮನುಷ್ಯ ದುಬೈಯ ಕೋಣೆಯಲ್ಲಿ ಅದರ ಎದುರು ಕೂತು ಉತ್ತರ ಕೊಡುತ್ತಾನೆ, ಮತ್ತೆ ಮುಂದಿನ ವಾಕ್ಯ ಕೇಳುತ್ತಾನೆ, ಅದಕ್ಕೆ ಮುಂದಿನ ವರ್ಷದ ಫೀಸು ಕೊಡುತ್ತಾನೆ. ಫೈಲನ್ನು ಮುಚ್ಚಿ ಅವಳು ಮೊದಲು ಸ್ಕೂಲಿನ ಆಫೀಸಿಗೆ ಬರೆದಳು, ಉಳಿದ ಹಣವನ್ನು ಮೂರು ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ ಎಂದು. ಎರಡು ದಿನದಲ್ಲಿ ಒಪ್ಪಿಗೆ ಬಂತು, ತಡವಾದುದಕ್ಕೆ ಸ್ವಲ್ಪ ಹೆಚ್ಚು ಹಣದ ಜೊತೆಗೆ. ಆಮೇಲೆ ಶಿಹಾಬನಿಗೆ ಬರೆದಳು: ಶಿಹಾಬಿಚ್ಚ, ಕ್ಷಮಿಸಿ, ನಿಮ್ಮ ಹೆಸರಿಗೆ ಬೇಕಾದ ಅಕ್ಷರಗಳು ಆ ಟೇಪಿನಲ್ಲಿ ಇಲ್ಲ.

ಈ ಇಡೀ ವಿಷಯದಲ್ಲಿ ಅವಳು ಹೇಳಿದ ಸುಳ್ಳು ಅದೊಂದೇ.

ಉತ್ತರ ಬಂದಾಗ ಅವಳು ಕ್ಯಾಂಟೀನಿನಲ್ಲಿದ್ದಳು. ಕೈಗವಸು ಕಳಚಿ ಓದಿದಳು.

"ಅಡ್ಡಿ ಇಲ್ಲ ಮೋಳೇ. ನೀನು ಕಷ್ಟಪಡೋದು ಬೇಡ. ನಿನ್ನೆಯಿಂದ ಆ ಬಿಡುವಿನಲ್ಲಿ ಅವರೇ ಹೆಸರು ಹಿಡಿದು ಕರೀತಾ ಇದ್ದಾರೆ."

ಕಿಟಕಿಯ ಹೊರಗೆ ಹಿಮ ಬೀಳುತ್ತಿತ್ತು, ಅದಕ್ಕೆ ಶಬ್ದವೇ ಇರಲಿಲ್ಲ. ಪಾಳಿ ಮುಗಿಯಲು ಇನ್ನೂ ಎರಡು ಗಂಟೆ ಇತ್ತು, ಮೊದಲ ಕಂತಿಗೆ ಇನ್ನು ಹನ್ನೊಂದು ಪಾಳಿ. ಅವಳು ಫೋನನ್ನು ಎಪ್ರನಿನ ಜೇಬಿಗೆ ಹಾಕಿ, ಕೈಗವಸು ತೊಟ್ಟು, ನೀರು ತಿರುಗಿಸಿದಳು.